ಎದೆಯ ಬಿಡುವು, ಎದೆಯ ಪರಿಹಾರ

(ರಾಮನಗರದ ಶರಣಗೋಷ್ಠಿಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಾನು ವೈದ್ಯನಲ್ಲ, ಸರ್ಕಾರದಲ್ಲಿ ಇಂಜಿನಿಯರಾಗಿ ನಿವೃತ್ತನಾದವನು. ಪಂಪು, ವಾಲ್ವು, ಒತ್ತಡ, ಹರಿವು ನನಗೆ ಪರಿಚಯದ ವಿಷಯ. ಹೃದಯವೂ ಒಂದು ಪಂಪೇ ಆದ್ದರಿಂದ ಓದಿ, ವೈದ್ಯ ಮಿತ್ರರನ್ನು ಕೇಳಿ ತಿಳಿದದ್ದನ್ನು ಹೇಳುತ್ತೇನೆ. ಇವತ್ತು ಎರಡೇ ಮಾತು ತೆಗೆದುಕೊಂಡಿದ್ದೇನೆ. ಒಂದು 'ಪಾಸ್', ಅಂದರೆ ಬಿಡುವು. ಇನ್ನೊಂದು 'ಕಾಂಪೆನ್ಸೇಷನ್', ಅಂದರೆ ಪರಿಹಾರ. ಆಸ್ಪತ್ರೆಯ ಚೀಟಿಯಲ್ಲಿ ಮೊದಲನೆಯದನ್ನು ಕಂಡರೆ ಜೀವವೇ ಹೋದಂತೆ ಹೆದರುತ್ತೇವೆ. ಎರಡನೆಯದನ್ನು ಕಂಡರೆ ಕಾಯಿಲೆ ವಾಸಿಯಾಯಿತೆಂದು ಸುಮ್ಮನಾಗುತ್ತೇವೆ. ಎರಡೂ ಪೂರ್ತಿ ಸರಿಯಲ್ಲ.

ನಿಮಿಷಕ್ಕೆ 75 ಬಾರಿ ಬಡಿಯುವ ಹೃದಯದಲ್ಲಿ ಬಡಿತದಿಂದ ಬಡಿತಕ್ಕೆ 0.8 ಸೆಕೆಂಡು ಅಂತರ. ಕೆಲವೊಮ್ಮೆ ಕೆಳಗಿನ ಕೋಣೆಯಿಂದ ಒಂದು ಬಡಿತ ಅವಸರಪಟ್ಟು 0.5 ಸೆಕೆಂಡಿಗೇ ಬಂದುಬಿಡುತ್ತದೆ. ಮೇಲಿನ ಕೋಣೆಯಲ್ಲಿರುವ ತಾಳದ ಗಂಟು ಇದಕ್ಕೆ ಕದಲದೆ ತನ್ನ ಹೊತ್ತಿಗೆ ಸಂಕೇತ ಕಳಿಸುತ್ತದೆ. ಆದರೆ ಆಗಷ್ಟೇ ಬಡಿದ ಕೆಳಕೋಣೆ ಅದಕ್ಕೆ ಓಗೊಡುವುದಿಲ್ಲ. ಮುಂದಿನ ಸಂಕೇತದವರೆಗೆ 1.1 ಸೆಕೆಂಡು ಬಿಡುವು. 0.5 ಮತ್ತು 1.1 ಕೂಡಿದರೆ 1.6. ಎರಡು ಸಹಜ ಬಡಿತಗಳ ಲೆಕ್ಕ ಸರಿಹೋಯಿತು! ಇದನ್ನೇ 'ಕಾಂಪೆನ್ಸೇಟರಿ ಪಾಸ್' ಎನ್ನುತ್ತಾರೆ. ಆ ಬಿಡುವಿನಲ್ಲಿ ಹೃದಯಕ್ಕೆ ಹೆಚ್ಚು ರಕ್ತ ತುಂಬಿ ಮುಂದಿನ ಬಡಿತ ಜೋರಾಗಿರುತ್ತದೆ. ಎದೆ ಒಮ್ಮೆ ಧಸಕ್ಕೆಂದಂತೆ ಆಗುವುದು ಇದರಿಂದ. ಆರೋಗ್ಯವಂತರಲ್ಲೂ ಇದು ಅಪರೂಪವಲ್ಲ. ಇದಕ್ಕೆ ತಾಯತ ಕಟ್ಟಿಸಬೇಕಿಲ್ಲ. ಪದೇ ಪದೇ ಆಗುತ್ತಿದ್ದರೆ ಒಂದು ಇಸಿಜಿ ಮಾಡಿಸಿದರಾಯಿತು.

ಆದರೆ ತಾಳದ ಗಂಟೇ ಸಂಕೇತ ಕೊಡದೆ ಮೂರು ಸೆಕೆಂಡೋ ಅದಕ್ಕೂ ಹೆಚ್ಚೋ ನಿಂತು, ತಲೆ ಸುತ್ತಿ, ಪ್ರಜ್ಞೆ ತಪ್ಪುತ್ತಿದ್ದರೆ ಅದು ಬೇರೆಯ ಬಿಡುವು. ಅದಕ್ಕೆ ಪೇಸ್‌ಮೇಕರ್ ಬೇಕಾಗಬಹುದು. ಹಿರಿಯರು ಬಚ್ಚಲಲ್ಲಿ ಬಿದ್ದರೆ 'ಗಾಳಿ ಸೋಕಿದೆ' ಎನ್ನುವ ಮೊದಲು ನಾಡಿ ನೋಡಿಸಿ.

ಇನ್ನು ಪರಿಹಾರ. ನಮ್ಮ ತಾಲ್ಲೂಕುಗಳಲ್ಲಿ ಈ ಮಾತಿಗೆ ರಸ್ತೆಗೋ ಕೈಗಾರಿಕೆಗೋ ಹೋದ ಜಮೀನಿನ ಹಣ ಎಂಬ ಅರ್ಥ ಎಲ್ಲರಿಗೂ ಗೊತ್ತು. ಪರಿಹಾರ ಬಂತೆಂದರೆ ಹೊಲ ಮರಳಿ ಬಂತೆಂದಲ್ಲ. ಆ ಹಣ ಇರುವಷ್ಟು ದಿನ ಮನೆ ನಡೆಯುತ್ತದೆ. ಹೃದಯದಲ್ಲೂ ಹೀಗೆಯೇ. ಸ್ನಾಯು ಸೋತಾಗ ಬಡಿತ ಹೆಚ್ಚುತ್ತದೆ, ಹೃದಯ ಹಿಗ್ಗುತ್ತದೆ, ಮೂತ್ರಪಿಂಡ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹರಿವು ಹೇಗೋ ಸರಿದೂಗುತ್ತದೆ. ಆದರೆ ಸರಿದೂಗಿಸುವ ಈ ಕೆಲಸವೇ ದಿನ ಕಳೆದಂತೆ ಹೃದಯಕ್ಕೆ ಭಾರವಾಗುತ್ತದೆ. ಕಾಲು ಊದುವುದು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಎರಡು ಮೂರು ದಿನಕ್ಕೇ ತೂಕ ಏರುವುದು ಗಂಟು ಕರಗಿತೆಂಬ ಸೂಚನೆ. ವೈದ್ಯರು ಇದನ್ನು 'ಡೀಕಾಂಪೆನ್ಸೇಷನ್' ಎನ್ನುತ್ತಾರೆ. 'ಕಾಂಪೆನ್ಸೇಟೆಡ್' ಎಂದು ಬರೆದ ಚೀಟಿ ಕೈಯಲ್ಲಿದ್ದರೆ ಮಾತ್ರೆ ಬಿಡಬೇಡಿ, ಉಪ್ಪು ಹೆಚ್ಚಿಸಬೇಡಿ.

ಉಸಿರಿಗೂ ಇವೆರಡೂ ಉಂಟು. ನಿದ್ದೆಯಲ್ಲಿ ಗೊರಕೆ ನಡುವೆ ನಿಂತು, ಹತ್ತು ಸೆಕೆಂಡಿಗೂ ಹೆಚ್ಚು ಉಸಿರಿಲ್ಲದೆ, ಆಮೇಲೆ ಗಕ್ಕನೆ ಎಳೆದುಕೊಂಡರೆ ಅದು 'ಅಪ್ನಿಯ'. ಅದನ್ನು ಗಾಢನಿದ್ದೆಯೆಂದು ನಗಬೇಡಿ, ರಕ್ತದೊತ್ತಡ ಏರಲು ಅದೂ ಒಂದು ಕಾರಣ. ಉಸಿರು ಮೆಲ್ಲನೆ ಏರಿ, ಇಳಿದು, ನಿಂತು, ಮತ್ತೆ ಏರುವ ಇನ್ನೊಂದು ಬಗೆಯನ್ನು 1818ರಲ್ಲಿ ಜಾನ್ ಚೇನ್, 1854ರಲ್ಲಿ ವಿಲಿಯಂ ಸ್ಟೋಕ್ಸ್ ಎಂಬ ಡಬ್ಲಿನ್ ವೈದ್ಯರು ಬರೆದಿಟ್ಟರು. ಕೊನೆಗಾಲದಲ್ಲಿ ಇದು ಕಾಣುತ್ತದೆ ನಿಜ, ಆದರೆ ಚಿಕಿತ್ಸೆ ಕೊಡಬಹುದಾದ ಹೃದಯ ವೈಫಲ್ಯದಲ್ಲೂ ಕಾಣುತ್ತದೆ. 'ಮೇಲುಸಿರು ಬಂತು' ಎಂದು ಬಂಧುಗಳನ್ನು ಕರೆಸುವ ಮೊದಲು 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರು ಏದುಸಿರಿಲ್ಲದೆಯೂ ಆಳವಾಗಿ, ವೇಗವಾಗಿ ಉಸಿರಾಡುತ್ತಿದ್ದರೆ ರಕ್ತದಲ್ಲಿ ಆಮ್ಲ ಏರಿರಬಹುದು. ಇಂಗಾಲದ ಡೈಆಕ್ಸೈಡನ್ನು ಹೊರಹಾಕಿ ಶ್ವಾಸಕೋಶ ಅದನ್ನು ಸರಿದೂಗಿಸಲು ಹೆಣಗುತ್ತಿರುತ್ತದೆ. ಇದನ್ನು ಗೂರಲೆಂದು ತಿಳಿದು ಕಾಯುತ್ತ ಕೂರುವಂತಿಲ್ಲ.

ಶರಣಗೋಷ್ಠಿಯಲ್ಲಿ ಇದೇಕೆ ಎಂದು ನೀವು ಕೇಳಬಹುದು. ಹನ್ನೆರಡನೆಯ ಶತಮಾನದಲ್ಲಿ ಶರಣರು, ಕೆಲವರ ಸೊತ್ತಾಗಿದ್ದ ಅರಿವನ್ನು ಕನ್ನಡಕ್ಕೆ ತಂದು ಮಡಿವಾಳನಿಗೂ ಅಂಬಿಗನಿಗೂ ಕೊಟ್ಟರು. ಇಂದು ನಮ್ಮ ದೇಹದ ಅರಿವು ನಮಗೆ ತಿಳಿಯದ ಮಾತಿನಲ್ಲಿ ಚೀಟಿಯ ಮೇಲಿದೆ. ಅದನ್ನು ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು, ಹೇಳುವುದು ವೈದ್ಯರ ಕಾಯಕ.

ಚಿಕಿತ್ಸೆ ಪಡೆದರೆ ಭಕ್ತಿಗೆ ಕುಂದು ಎಂಬ ಮಾತೂ ನಮ್ಮಲ್ಲಿದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿ, ಸಿದ್ಧಗಂಗೆಯಲ್ಲಿ ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಶಿವಕುಮಾರ ಸ್ವಾಮಿಗಳು 111ನೆಯ ವಯಸ್ಸಿನಲ್ಲೂ ಆಸ್ಪತ್ರೆಯ ಚಿಕಿತ್ಸೆ ಪಡೆದರು. 2018ರ ಡಿಸೆಂಬರಿನಲ್ಲಿ ಅವರನ್ನು ಚೆನ್ನೈಗೂ ಕರೆದೊಯ್ಯಲಾಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಹೊತ್ತಿರುವುದು ಚಿತ್ರದುರ್ಗ ಬೃಹನ್ಮಠದ ಜಯದೇವ ಸ್ವಾಮಿಗಳ ಹೆಸರನ್ನು. ಮಠಕ್ಕೂ ಔಷಧಕ್ಕೂ ಜಗಳವಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಪ್ರತಿ ಮಠದ ಶಿವಾನುಭವ ಗೋಷ್ಠಿಯಲ್ಲೂ ವರ್ಷಕ್ಕೊಮ್ಮೆ ಒಬ್ಬ ವೈದ್ಯರನ್ನು ಕರೆಸಿ, ಅಂದು ಊರಿನವರು ತಮ್ಮ ಚೀಟಿಗಳನ್ನು ತಂದು ಕನ್ನಡದಲ್ಲಿ ಅರ್ಥ ಕೇಳಲಿ. ಎದೆಗೆ ಬಿಡುವು ಯಾವುದು, ಅಪಾಯ ಯಾವುದು ಎಂದು ಮನೆಯ ಒಬ್ಬರಿಗಾದರೂ ತಿಳಿದಿರಲಿ. ಇದೂ ಒಂದು ದಾಸೋಹವೇ.