ಬಂದೂಕು ಕೊಟ್ಟವರ ಹೊಣೆ



ಪೊಲೀಸರ ಕೆಲಸವನ್ನು ಊರಿನವರಿಗೆ ವಹಿಸುವುದು ನಮ್ಮಲ್ಲಿ ಹೊಸದಲ್ಲ. ಗಲಭೆಯ ಹೊತ್ತಿಗೆ ಪೊಲೀಸರು ಸಾಲದಾದರೆ ಸ್ಥಳೀಯರನ್ನೇ ವಿಶೇಷ ಪೊಲೀಸ್ ಅಧಿಕಾರಿಗಳಾಗಿ ನೇಮಿಸಲು ಬ್ರಿಟಿಷರ 1861ರ ಕಾಯ್ದೆಯಲ್ಲೇ ಅವಕಾಶವಿತ್ತು. ಆ ಹಳೆಯ ಅವಕಾಶ ಎಷ್ಟು ದೂರ ಹೋಗಬಹುದೆಂದು ತೋರಿಸಿದ್ದು ಛತ್ತೀಸ್‌ಗಢದ ಬಸ್ತರ್.

2005ರ ಜೂನ್‌ನಲ್ಲಿ ಅಲ್ಲಿ ಸಲ್ವಾ ಜುಡುಂ ಎಂಬ ಮಾವೋವಾದಿ ವಿರೋಧಿ ಚಳವಳಿ ಶುರುವಾಯಿತು. ಮಾವೋವಾದಿಗಳ ವಿರುದ್ಧ ಆದಿವಾಸಿಗಳು ತಾವಾಗಿಯೇ ಎದ್ದಿದ್ದಾರೆ ಎಂದಿತು ಸರ್ಕಾರ. ಮುಂದಾಳು ಕಾಂಗ್ರೆಸ್ಸಿನ ಮಹೇಂದ್ರ ಕರ್ಮ, ಬೆಂಬಲಕ್ಕೆ ನಿಂತದ್ದು ರಾಜ್ಯದ ಬಿಜೆಪಿ ಸರ್ಕಾರ. ಅದು ಸ್ಥಳೀಯ ಯುವಕರನ್ನು ವಿಶೇಷ ಪೊಲೀಸ್ ಅಧಿಕಾರಿಗಳಾಗಿ ನೇಮಿಸಿ ಬಂದೂಕು ಕೊಟ್ಟಿತು. ಮಾವೋವಾದಿಗಳ ಕ್ರೌರ್ಯ ಸುಳ್ಳಲ್ಲ. 2013ರಲ್ಲಿ ಕರ್ಮ ಅವರನ್ನು ಕೊಂದವರೂ ಅವರೇ. ಆದರೆ ಸಲ್ವಾ ಜುಡುಂ ಗುಂಪುಗಳೂ ಹಳ್ಳಿಗಳಿಗೆ ನುಗ್ಗಿ ಕೊಲ್ಲುತ್ತಿವೆ, ಮನೆ ಸುಡುತ್ತಿವೆ ಎಂಬ ದೂರುಗಳು ಬಂದವು. ಸಾವಿರಾರು ಜನ ರಸ್ತೆಬದಿಯ ಶಿಬಿರ ಸೇರಿದರು, ಇಲ್ಲವೇ ಆಂಧ್ರಕ್ಕೆ ಓಡಿಹೋದರು.

ಇದರ ವಿರುದ್ಧ 2007ರಲ್ಲಿ ಸಮಾಜಶಾಸ್ತ್ರಜ್ಞೆ ನಂದಿನಿ ಸುಂದರ್, ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ, ನಿವೃತ್ತ ಐಎಎಸ್ ಅಧಿಕಾರಿ ಇ.ಎ.ಎಸ್. ಶರ್ಮಾ ಸುಪ್ರೀಂ ಕೋರ್ಟಿಗೆ ಹೋದರು. ಸಾಮಾನ್ಯ ನಾಗರಿಕನಿಗೆ ಆಯುಧ ಕೊಟ್ಟು ಕೊಲ್ಲಲು ಬಿಟ್ಟರೆ ಸರ್ಕಾರವೂ ಆ ಕೊಲೆಗೆ ಕುಮ್ಮಕ್ಕು ಕೊಟ್ಟಂತೆ ಎಂದು ನ್ಯಾಯಪೀಠ 2008ರಲ್ಲೇ ಎಚ್ಚರಿಸಿತು.

2011ರ ಜುಲೈ 5ರ ತೀರ್ಪು ಬರೆದವರು ನ್ಯಾಯಮೂರ್ತಿ ಸುದರ್ಶನ ರೆಡ್ಡಿ ಮತ್ತು ನಿಜ್ಜರ್. ವಿಶೇಷ ಪೊಲೀಸರ ನೇಮಕಕ್ಕೆ ಐದನೇ ತರಗತಿ ಪಾಸಾದವರಿಗೆ ಆದ್ಯತೆ, ಎರಡು ತಿಂಗಳ ತರಬೇತಿ, ತಿಂಗಳಿಗೆ 3,000 ರೂಪಾಯಿ ಗೌರವಧನ. ಆ ಎರಡು ತಿಂಗಳಲ್ಲೇ ಆ ಹುಡುಗರು ದಂಡಸಂಹಿತೆಯನ್ನೂ ಆತ್ಮರಕ್ಷಣೆಯ ಮಿತಿಯನ್ನೂ ಕಲಿತುಬಿಡುತ್ತಾರೆ ಎಂದು ಸರ್ಕಾರ ವಾದಿಸಿತು. ಕೋರ್ಟ್ ನಂಬಲಿಲ್ಲ. ಈ ತೀರ್ಪಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು: ಹಳ್ಳಿಗರ ಜೀವದ ಹಕ್ಕಿನ ಜೊತೆಗೆ, ಬಂದೂಕು ಹಿಡಿದ ಆ ಹುಡುಗರ ಜೀವದ ಹಕ್ಕಿಗೂ ಧಕ್ಕೆಯಾಗಿದೆ ಎಂದು ಅದು ಗುರುತಿಸಿತು. ಬಡವರ ಮಕ್ಕಳನ್ನು ಬಡವರ ಮೇಲೆ ಬಿಟ್ಟು, ಎರಡೂ ಕಡೆಯ ಸಾವಿಗೆ ತಾನು ಹೊಣೆಯಲ್ಲವೆಂದು ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಕೊಟ್ಟ ಬಂದೂಕುಗಳನ್ನೆಲ್ಲ ವಾಪಸ್ ಪಡೆಯಬೇಕೆಂದು ಆದೇಶವಾಯಿತು. ಆ ವರ್ಷದ ಮಾರ್ಚಿನಲ್ಲಿ ಬಸ್ತರಿನ ತಾಡಮೆಟ್ಲ ಮತ್ತು ಸುತ್ತಲ ಹಳ್ಳಿಗಳು ಸುಟ್ಟುಹೋಗಿದ್ದ ಪ್ರಕರಣದ ತನಿಖೆಯೂ ಸಿಬಿಐ ಕೈಗೆ ಹೋಯಿತು.

ಆದರೆ ಅದೇ ವರ್ಷ ರಾಜ್ಯ ಸರ್ಕಾರ ಹೊಸ ಕಾಯ್ದೆ ತಂದು, ಸಹಾಯಕ ಸಶಸ್ತ್ರ ಪೊಲೀಸ್ ಪಡೆ ಕಟ್ಟಿ, ಅದೇ ಯುವಕರಿಗೆ ಅಲ್ಲಿ ಜಾಗ ಮಾಡಿತು. ಇದು ನ್ಯಾಯಾಂಗ ನಿಂದನೆ ಎಂದು ಅರ್ಜಿದಾರರು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದರು. ಶಾಸನಸಭೆ ಕಾಯ್ದೆ ಮಾಡಿದ್ದೇ ನಿಂದನೆಯಾಗದು ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ 2025ರ ಮೇನಲ್ಲಿ ಹೇಳಿತು. ಅದೇ ಆದೇಶದಲ್ಲಿ, ಹಿಂಸೆ ಯಾವ ಕಡೆಯಿಂದಲೇ ಬಂದಿರಲಿ, ನೊಂದವರಿಗೆ ಶಾಂತಿಯನ್ನೂ ಪುನರ್ವಸತಿಯನ್ನೂ ಒದಗಿಸುವುದು ರಾಜ್ಯ ಮತ್ತು ಕೇಂದ್ರ ಎರಡರ ಕರ್ತವ್ಯ ಎಂದೂ ಬರೆಯಿತು.