ಶಾಲೆಯ ಕದವೂ ಗುರುವಿನ ಕಾಯಕವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನನಗೆ ಒಪ್ಪಿಸಿದ ವಿಷಯಕ್ಕೆ ಬರುತ್ತೇನೆ.

ಕೋವಿಡ್ ಮಹಾಮಾರಿಯ ಕಾಲದಲ್ಲಿ ಮುಚ್ಚಿದ ಶಾಲೆಗಳು ಮರಳಿ ತೆರೆದುದು ಹೇಗೆ, ಆ ಕಾಲಕ್ಕೆ ಶಿಕ್ಷಕರ ದುಡಿಮೆಯ ಸ್ಥಿತಿಗತಿಗಳನ್ನು ಕುರಿತು ಹುಟ್ಟಿದ ವಾದವೇನು, ಅದರಿಂದ ನಾವು ತಿಳಿದುಕೊಳ್ಳಬೇಕಾದುದೇನು, ಎಂಬಿವೇ ಈ ಹೊತ್ತಿನ ವಿಷಯವು. ಆ ರೋಗವು ಶಮನವಾಗಿ ವರ್ಷಗಳು ಕಳೆದಿರಲು ಈಗ ಈ ಮಾತೇಕೆಂದು ಕೆಲವರಿಗೆ ತೋರಬಹುದು. ರೋಗವೇನೋ ಶಮನವಾಯಿತು; ವಾದವು ತೀರಲಿಲ್ಲ. ನಾಳೆ ಇನ್ನೊಂದು ರೋಗ ಬಂದರೆ, ವರದಾ ನದಿಯು ದಂಡೆ ಮೀರಿ ಹರಿದರೆ, ಮತ್ತೆ ಶಾಲೆಯ ಕದ ಮುಚ್ಚುವ ಪ್ರಸಂಗವು ಬಂದೀತು. ಮುಚ್ಚಿದ ಕದವನ್ನು ತೆರೆಯುವ ಹೊಣೆ ಯಾರದು, ತೆರೆಯುವವನ ಯೋಗಕ್ಷೇಮದ ಹೊಣೆ ಯಾರದು, ಎಂಬುದನ್ನು ಸಮಾಧಾನದ ಕಾಲದಲ್ಲಿಯೇ ವಿಚಾರಿಸುವುದು ಲೇಸು.

ಈ ವಿಚಾರಕ್ಕೆ ಮಠವೇ ತಕ್ಕ ಸ್ಥಳವು. ಸರಕಾರದ ಶಾಲೆಗಳು ಹುಟ್ಟುವುದಕ್ಕೆ ಮೊದಲು ನಮ್ಮ ಸೀಮೆಯ ಹಳ್ಳಿಗಳಲ್ಲಿ ಅಕ್ಷರ ತಿದ್ದಿಸುತ್ತಿದ್ದುದು ಐಗಳ ಮಠಗಳಲ್ಲಿ. ಅಲ್ಲಿಯ ಐಗಳಿಗೆ ಸಂಬಳದ ಪಟ್ಟಿಯಿರಲಿಲ್ಲ. ಆದರೂ ಸುಗ್ಗಿಯಲ್ಲಿ ಕಾಳುಕಡಿಗಳು ಅವರ ಮನೆಗೆ ಸೇರುತ್ತಿದ್ದವು. ಕಲಿಸುವವನ ಒಲೆ ಉರಿಯುವಂತೆ ನೋಡಿಕೊಳ್ಳುವುದು ಊರಿನ ಕರ್ತವ್ಯವೆಂದು ಎಲ್ಲರೂ ತಿಳಿದಿದ್ದರು. ಹಾನಗಲ್ಲಿನ ಶ್ರೀ ಕುಮಾರ ಮಹಾಸ್ವಾಮಿಗಳವರು (1867–1930) ಈ ಧರ್ಮವನ್ನು ದೊಡ್ಡ ಪ್ರಮಾಣದಲ್ಲಿ ನಡೆಯಿಸಿ ತೋರಿದರು. 1904ರಲ್ಲಿ ವೀರಶೈವ ಮಹಾಸಭೆಗೂ 1909ರಲ್ಲಿ ಶಿವಯೋಗಮಂದಿರಕ್ಕೂ ಅಸ್ತಿಭಾರ ಹಾಕಿದ ಆ ಮಹಾತ್ಮರು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬನ ಸಂಗೀತ ವಿದ್ಯೆಗೆ ಆಶ್ರಯವಿತ್ತರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರೆಂಬುದು ತಮಗೆಲ್ಲ ತಿಳಿದೇ ಇದೆ. ವಿದ್ಯೆಗೆ ಗುರು ಬೇಕು. ಗುರುಶಿಷ್ಯರಿಬ್ಬರಿಗೂ ಪ್ರಸಾದ ಬೇಕು. ಇವೆರಡನ್ನು ಅಗಲಿಸಲಾಗದೆಂಬುದೇ ನಮ್ಮ ಮಠಗಳ ಪರಂಪರೆಯು.

ಇನ್ನು ನಡೆದ ವೃತ್ತಾಂತವನ್ನು ಸಂಕ್ಷೇಪವಾಗಿ ನೆನಪಿಗೆ ತರುತ್ತೇನೆ. 2020ನೆಯ ಇಸವಿಯ ಮಾರ್ಚ್ ತಿಂಗಳ ನಡುವಿನಲ್ಲಿ ರಾಜ್ಯದ ಶಾಲೆಗಳು ಮುಚ್ಚಲ್ಪಟ್ಟವು. 25ನೆಯ ತಾರೀಖಿನಿಂದ ದೇಶವೆಲ್ಲವೂ ಮನೆಯೊಳಗೆ ಸೇರಿತು. ಜೂನ್ 25ರಿಂದ ಹತ್ತನೆಯ ಇಯತ್ತೆಯ ಪರೀಕ್ಷೆಯು ನಡೆಯಿತು. ಅದಕ್ಕೆ ಹೆಸರು ನೋಂದಿಸಿದ್ದವರು 8 ಲಕ್ಷಕ್ಕೂ ಮಿಕ್ಕವರು. ಆಗಸ್ಟ್ ತಿಂಗಳಲ್ಲಿ ಸರಕಾರವು 'ವಿದ್ಯಾಗಮ'ವೆಂಬ ಯೋಜನೆಯನ್ನು ಆರಂಭಿಸಿತು. ಮಗುವು ಶಾಲೆಗೆ ಬರಲಾಗದಿದ್ದರೆ ಮಾಸ್ತರರೇ ಮಗುವಿದ್ದಲ್ಲಿಗೆ ಹೋಗತಕ್ಕದ್ದೆಂಬುದು ಅದರ ತಿರುಳು. ಅಂತರ್ಜಾಲವುಳ್ಳ ಮೊಬೈಲು ಇದ್ದವರು, ಬರೇ ಮಾತಿನ ಮೊಬೈಲು ಇದ್ದವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರು ಬಗೆಯಾಗಿ ವಿಂಗಡಿಸಿ, ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ಮಾರ್ಗದರ್ಶಕರನ್ನಾಗಿ ಗೊತ್ತುಪಡಿಸಿದರು. ಗುಡಿಯ ಪೌಳಿ, ಮರದ ನೆರಳು, ಸಮುದಾಯ ಭವನಗಳೇ ಶಾಲೆಗಳಾದವು. ಆದರೆ ಶಿಕ್ಷಕರೂ ಮಕ್ಕಳೂ ಸೋಂಕಿಗೆ ಸಿಕ್ಕುತ್ತಿರುವರೆಂಬ ಕೂಗು ಎದ್ದುದರಿಂದ ಅಕ್ಟೋಬರ್ 10ರಂದು ಆ ಯೋಜನೆಯು ತಡೆಯಲ್ಪಟ್ಟಿತು.

2021ರ ಜನವರಿ 1ರಂದು ಹತ್ತನೆಯ ಇಯತ್ತೆಗೂ ದ್ವಿತೀಯ ಪಿ.ಯು. ವರ್ಗಕ್ಕೂ ಕದ ತೆರೆಯಿತು. ಫೆಬ್ರವರಿಯಲ್ಲಿ ಕೆಳಗಿನ ಕೆಲವು ಇಯತ್ತೆಗಳು ಕೂಡಿಕೊಂಡವು. ಅಷ್ಟರಲ್ಲಿ ಎರಡನೆಯ ಅಲೆಯು ಬಂದು ಎಲ್ಲವನ್ನೂ ಮತ್ತೆ ಮುಚ್ಚಿಸಿತು. ಆ ಅಲೆಯು ಇಳಿದ ಮೇಲೆ ಆಗಸ್ಟ್ 23ರಿಂದ 9ರಿಂದ 12ನೆಯ ಇಯತ್ತೆಗಳೂ, ಸೆಪ್ಟೆಂಬರ್ 6ರಿಂದ 6ರಿಂದ 8ರವರೆಗಿನವೂ, ಅಕ್ಟೋಬರ್ 25ರಿಂದ 1ರಿಂದ 5ರವರೆಗಿನವೂ ಆರಂಭವಾದವು. ಎಂದರೆ ನಮ್ಮ ಅತಿ ಚಿಕ್ಕ ಮಕ್ಕಳು ಹತ್ತೊಂಬತ್ತು ತಿಂಗಳ ಕಾಲ ಶಾಲೆಯ ಹೊರಗಿದ್ದರು. 2020ರಲ್ಲಿ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ಕೂಸು, ಶಾಲೆಯ ಒಳಗನ್ನು ಕಾಣದೆಯೇ ಎರಡನೆಯ ಇಯತ್ತೆಯದಾಗಿತ್ತು.

ಇದರಿಂದಾದ ಹಾನಿಯನ್ನು ಅಂಕಿಗಳಲ್ಲಿ ಹೇಳುವುದಾದರೆ, ಅಸರ್ ಸಮೀಕ್ಷೆಯವರು ಕರ್ನಾಟಕದ ಗ್ರಾಮಗಳಲ್ಲಿ 2018ರಲ್ಲಿ ಕಂಡಂತೆ, ಮೂರನೆಯ ಇಯತ್ತೆಯ ನೂರು ಮಕ್ಕಳಲ್ಲಿ ಸುಮಾರು 19 ಮಕ್ಕಳು ಎರಡನೆಯ ಇಯತ್ತೆಯ ಪಾಠವನ್ನು ಓದಬಲ್ಲವರಾಗಿದ್ದರು. 2021ರ ಮಾರ್ಚ್ ತಿಂಗಳಲ್ಲಿ ಅದೇ ಸಂಸ್ಥೆಯವರು ನೋಡಿದಾಗ ಆ ಸಂಖ್ಯೆಯು ಸುಮಾರು 10ಕ್ಕೆ ಇಳಿದಿತ್ತು. ಐದನೆಯ ಇಯತ್ತೆಯಲ್ಲಿ 46 ಇದ್ದುದು 34 ಆಗಿತ್ತು. ಮೊದಲೇ ಬಡವಾಗಿದ್ದ ಬೆಳೆಯ ಮೇಲೆ ಆಣೆಕಲ್ಲು ಬಿದ್ದಂತಾಯಿತು. ಹೊಲವುಳ್ಳವರ ಮಕ್ಕಳು ಮನೆಯ ಗೋವಿನಜೋಳದ ಕೆಲಸಕ್ಕೆ ಹೋದರು. ಹೊಲವಿಲ್ಲದವರ ಮಕ್ಕಳು ಕಂಡವರ ಹೊಲಕ್ಕೆ ಕೂಲಿಗೆ ಹೋದರು. ಹಾಗೆ ಹೋದವರಲ್ಲಿ ಹೆಣ್ಣುಮಕ್ಕಳನ್ನು ಮರಳಿ ಶಾಲೆಗೆ ಕರೆತರುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿ ಕುಳಿತಿರುವ ಅಕ್ಕೋರುಗಳೇ ಬಲ್ಲರು.

ಆದುದರಿಂದ ಶಾಲೆಗಳನ್ನು ತೆರೆಯಲೇಬೇಕೆಂದು ಹೇಳಿದವರ ಮಾತು ನಿಜವಾಗಿತ್ತು. ಆದರೆ ಶಿಕ್ಷಕರಲ್ಲಿ ಕೆಲವರು ಅಂಜಿದುದೂ ನಿಜವಾಗಿತ್ತು. ಆಗ ಊರ ಕಟ್ಟೆಗಳ ಮೇಲೆ ಕೇಳಿಬರುತ್ತಿದ್ದ ಮಾತೆಂದರೆ, "ಮಾಸ್ತರರು ಮನೆಯಲ್ಲಿ ಕುಳಿತು ಪಗಾರ ಎಣಿಸುತ್ತಿದ್ದಾರೆ" ಎಂಬುದು. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಕೂಲಿಯವನ ಕೂಲಿ ನಿಂತು, ಸವಣೂರಿನ ವೀಳ್ಯದೆಲೆಯು ಪೇಟೆಗೆ ಹೋಗಲು ದಾರಿಯಿಲ್ಲದಿದ್ದಾಗ, ತಿಂಗಳು ತಿಂಗಳಿಗೆ ಸಂಬಳ ಬರುವವನನ್ನು ಕಂಡು ಬಡವನ ಹೊಟ್ಟೆಯುರಿದರೆ ಅದು ಸಹಜವು. ಆದರೆ ಆ ಮಾತು ಸತ್ಯದ ಒಂದು ತುಣುಕು ಮಾತ್ರವೆಂಬುದನ್ನು ತೋರಿಸಬೇಕಾಗಿದೆ.

'ಶಿಕ್ಷಕ'ನೆಂಬ ಒಂದೇ ಹೆಸರಿನ ಕೆಳಗೆ ನಾಲ್ಕು ಬಗೆಯ ಜನರಿದ್ದಾರೆ. ಮೊದಲನೆಯವರು ಸರಕಾರದ ಖಾಯಂ ಶಿಕ್ಷಕರು. ಅವರಿಗೆ ಸಂಬಳವು ಬಂದಿತು. ಆದರೆ ಅವರು ಮನೆಯಲ್ಲಿ ಕುಳಿತಿರಲಿಲ್ಲ. ಮನೆಮನೆಯ ಸಮೀಕ್ಷೆ, ತಪಾಸಣೆಯ ನಾಕೆ, ಆಹಾರಧಾನ್ಯದ ಹಂಚಿಕೆ, 2020ರ ಡಿಸೆಂಬರದ ಗ್ರಾಮ ಪಂಚಾಯತಿ ಚುನಾವಣೆ, ಇವೆಲ್ಲಕ್ಕೂ ಅವರನ್ನೇ ಕರೆದರು. 2021ರ ಏಪ್ರಿಲ್ 17ರಂದು ಬಸವಕಲ್ಯಾಣ ಮತ್ತು ಮಸ್ಕಿಗಳಲ್ಲಿ ಉಪಚುನಾವಣೆ ನಡೆದ ಬಳಿಕ, ಮತದಾನದ ಕಾರ್ಯಕ್ಕೆ ಹೋಗಿದ್ದ ಶಿಕ್ಷಕರು ರೋಗಕ್ಕೆ ಬಲಿಯಾದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದುವು. ಎರಡನೆಯವರು ಅತಿಥಿ ಶಿಕ್ಷಕರು. ಹೆಸರಿಗೆ ಅತಿಥಿಗಳು, ವರ್ಷಾನುವರ್ಷ ದುಡಿದರೂ ಆತಿಥ್ಯವನ್ನು ಕಾಣದವರು. ಶಾಲೆ ನಡೆದ ತಿಂಗಳುಗಳಿಗೆ ಮಾತ್ರ ಅವರಿಗೆ ಗೌರವಧನ. ಕದ ಮುಚ್ಚಿದರೆ ಅವರ ಅನ್ನದ ಬಾಗಿಲೂ ಮುಚ್ಚಿದಂತೆಯೇ. ಮೂರನೆಯವರು ಅನುದಾನವಿಲ್ಲದ ಖಾಸಗಿ ಶಾಲೆಗಳ ಶಿಕ್ಷಕರು. ಪಾಲಕರು ಶುಲ್ಕ ಕೊಡಲಾರದೆ ಹೋದರು. 2021ರ ಜನವರಿಯಲ್ಲಿ ಸರಕಾರವು ಬೋಧನಾ ಶುಲ್ಕದ ನೂರಕ್ಕೆ 70ರಷ್ಟನ್ನು ಮಾತ್ರ ಪಡೆಯಬೇಕೆಂದು ಆಜ್ಞಾಪಿಸಿತು. ಆಡಳಿತ ಮಂಡಳಿಗಳು ಪ್ರತಿಭಟಿಸಿದವು. ಪಾಲಕರಿಗೂ ಮಂಡಳಿಗಳಿಗೂ ನಡೆದ ಈ ಜಗ್ಗಾಟದಲ್ಲಿ ಹಗ್ಗವಾಗಿ ಸವೆದವರು ಶಿಕ್ಷಕರು. ಅರ್ಧ ಸಂಬಳ, ಸಂಬಳವಿಲ್ಲ, ಕೆಲಸವೂ ಇಲ್ಲ, ಹೀಗೆ ಮೂರು ಮೆಟ್ಟಿಲು ಇಳಿದು ಕೆಲವರು ಕಾಯಿಪಲ್ಲೆ ಮಾರಿದರು, ಕೆಲವರು ನರೇಗಾ ಕೆಲಸದಲ್ಲಿ ಗುದ್ದಲಿ ಹಿಡಿದರು. 2021ರ ಜೂನದಲ್ಲಿ ಸರಕಾರವು ಇಂಥವರಿಗೆ ಒಂದು ಸಲಕ್ಕೆ 5,000 ರೂಪಾಯಿಗಳ ನೆರವನ್ನು ಸಾರಿತು. ಹದಿನೈದು ತಿಂಗಳ ಕಷ್ಟಕ್ಕೆ ಐದು ಸಾವಿರವೆಂದರೆ ತಿಂಗಳಿಗೆಷ್ಟಾಯಿತೆಂಬುದನ್ನು ತಾವೇ ಲೆಕ್ಕ ಮಾಡಬಹುದು.

ನಾಲ್ಕನೆಯವರನ್ನು ಯಾರೂ ಶಿಕ್ಷಕರೆಂದು ಕರೆಯುವುದಿಲ್ಲ. ಅವರು ಬಿಸಿಯೂಟದ ಅಡುಗೆಯ ತಾಯಂದಿರು. ಆ ಯೋಜನೆಗೆ ನಮ್ಮ ರಾಜ್ಯವು 'ಅಕ್ಷರ ದಾಸೋಹ'ವೆಂದು ಹೆಸರಿಟ್ಟಿದೆ. ದಾಸೋಹವೆಂಬ ಶಬ್ದವು ನಮ್ಮ ಶರಣರ ಮನೆಯದು. ಆ ಹೆಸರಿನಿಂದ ನಡೆಯುವ ಒಲೆಯ ಮುಂದೆ ಬೆಂದ ತಾಯಿಗೆ ಆ ವರ್ಷಗಳಲ್ಲಿ ದೊರೆಯುತ್ತಿದ್ದುದು ತಿಂಗಳಿಗೆ ಮೂರು ಸಾವಿರ ರೂಪಾಯಿಗೂ ಕಡಿಮೆಯೆಂಬುದು ನಮ್ಮ ಮನಸ್ಸಿಗೆ ನಾಟಬೇಕು.

ನಮ್ಮ ಸೀಮೆಯದೇ ಒಂದು ದೃಷ್ಟಾಂತವನ್ನು ಹೇಳುತ್ತೇನೆ. ಚಿಕ್ಕ ಮಕ್ಕಳ ಶಾಲೆಗಳು ತೆರೆದುದು 2021ರ ಅಕ್ಟೋಬರ್ 25ರಂದು. ಹಾನಗಲ್ಲ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯು ನಡೆದುದು ಅದೇ ಅಕ್ಟೋಬರ್ 30ರಂದು. ನಡುವೆ ಐದೇ ದಿನಗಳು. ಮತಗಟ್ಟೆಗಳಾಗುವವು ಶಾಲೆಯ ಕೋಣೆಗಳೇ. ಮತಗಟ್ಟೆಯ ಕೆಲಸಕ್ಕೆ ಹೆಚ್ಚಾಗಿ ಕರೆಯಲ್ಪಡುವವರು ಶಿಕ್ಷಕರೇ. ಹತ್ತೊಂಬತ್ತು ತಿಂಗಳ ಮೇಲೆ ಬಂದ ಮಗುವಿನ ಕೈ ಹಿಡಿದು ಅ ಆ ತಿದ್ದಿಸಬೇಕಾದ ವಾರದಲ್ಲಿಯೇ ಈ ಕೆಲಸವೂ ಬಂದಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 27ನೆಯ ಕಲಮು ಜನಗಣತಿ, ವಿಪತ್ಪರಿಹಾರ, ಚುನಾವಣೆ ಈ ಮೂರಕ್ಕೆ ಶಿಕ್ಷಕರನ್ನು ಕರೆಯಬಹುದೆಂದು ಹೇಳುತ್ತದೆ. ಆದುದರಿಂದ ಇದು ಕಾನೂನಿಗೆ ವಿರುದ್ಧವಲ್ಲ. ಆದರೆ ಅದೇ ಕಾಯಿದೆಯು ಕೆಳಗಿನ ಇಯತ್ತೆಗಳಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರ ಲೆಕ್ಕವನ್ನೂ, ವರ್ಷಕ್ಕೆ 200 ದಿವಸಗಳ ಪಾಠವನ್ನೂ ವಿಧಿಸಿದೆ. ಕರೆಯುವ ಕಲಮನ್ನು ತಪ್ಪದೆ ನೆನೆಯುವವರು ಕೊಡುವ ಕಲಮನ್ನೂ ಅಷ್ಟೇ ನಿಷ್ಠೆಯಿಂದ ನೆನೆಯಬೇಕಾಗಿತ್ತು. 2022ರಲ್ಲಿ ಹಾನಿಯನ್ನು ತುಂಬಲು 'ಕಲಿಕಾ ಚೇತರಿಕೆ'ಯ ಹೆಸರಿನಿಂದ ಮೇ 16ರಂದೇ ಶಾಲೆಗಳು ಆರಂಭವಾದಾಗ, ಬೇಸಗೆಯ ರಜೆಯಲ್ಲಿ ಎರಡು ವಾರಗಳನ್ನು ಬಿಟ್ಟುಕೊಟ್ಟು ಬಂದವರೂ ಇದೇ ಶಿಕ್ಷಕರೇ.

ಈ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯು ನೆನಪಿಗೆ ಬರುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಬಂದಿತೆಂದು ಲಕ್ಕಮ್ಮ ತಾಯಿ ಅದನ್ನು ಮರಳಿಸಿದಳು. ಈ ಕಥೆಯನ್ನು ನಾವು ದುಡಿಯುವವರಿಗೆ ಮೇಲಿಂದ ಮೇಲೆ ಹೇಳುತ್ತೇವೆ: ಹೆಚ್ಚಿಗೆ ಆಸೆಪಡಬೇಡಿರಿ ಎಂದು. ಆದರೆ ಆ ಕಥೆಯಲ್ಲಿ ಇನ್ನೊಂದು ಅರ್ಥವಿದೆ. ಹೆಚ್ಚಿನದನ್ನು ಮರಳಿಸಬೇಕಾದರೆ ಮೊದಲು ಸಾಕಾಗುವಷ್ಟು ಬಂದಿರಬೇಕು. ನಿತ್ಯದ ಅಳತೆಯೇ ಕೈಸೇರದವನಿಗೆ ಸಂತೃಪ್ತಿಯ ಉಪದೇಶ ಮಾಡುವುದು ಲಕ್ಕಮ್ಮ ತಾಯಿಯ ಮಾರ್ಗವಲ್ಲ. ಕಾಯಕವನ್ನು ಬೇಡುವ ಸಮಾಜವು ಕಾಯಕಕ್ಕೆ ಸಲ್ಲಬೇಕಾದುದನ್ನು ಸಲ್ಲಿಸದಿದ್ದರೆ ಅದು ದಾಸೋಹದಿಂದ ದೂರ ಸರಿದಂತೆ.

ಹಾಗೆಂದು ಶಿಕ್ಷಕರಿಗೆ ನಾನು ಹೇಳಬೇಕಾದ ಮಾತಿಲ್ಲವೆಂದಲ್ಲ. ತಮ್ಮ ಬೇಡಿಕೆಗಳನ್ನು ಮಂಡಿಸುವಾಗ ಖಾಯಂ ಶಿಕ್ಷಕರು ಪಕ್ಕದ ಕೋಣೆಯ ಅತಿಥಿ ಶಿಕ್ಷಕನನ್ನೂ ಅಡುಗೆಮನೆಯ ತಾಯಿಯನ್ನೂ ತಮ್ಮ ಮನವಿಯಲ್ಲಿ ಸೇರಿಸಿಕೊಂಡರೆ ಆ ಮನವಿಯ ತೂಕವು ಹೆಚ್ಚುವುದು. ಮಗುವಿನ ಹಾನಿಯನ್ನು ಮೊದಲು ಹೇಳಿ, ತರುವಾಯ ತಮ್ಮ ಕಷ್ಟವನ್ನು ಹೇಳಿದರೆ ಕೂಲಿಯವನೂ ಅವರ ಪಕ್ಷಕ್ಕೆ ಬರುವನು. ಏಕೆಂದರೆ ಮಗುವಿನ ಹಿತವೂ ಶಿಕ್ಷಕನ ಹಿತವೂ ಒಂದಕ್ಕೊಂದು ವೈರಿಗಳಲ್ಲ. ಹಸಿದ ಶಿಕ್ಷಕನು ಬಹುಕಾಲ ಕಲಿಸಲಾರನು. ಅಂಜಿದ ಶಿಕ್ಷಕನು ಮಗುವನ್ನು ಹತ್ತಿರ ಕರೆಯಲಾರನು. 2021ರ ಸೆಪ್ಟೆಂಬರ್ 5ರೊಳಗೆ ಶಿಕ್ಷಕರೆಲ್ಲರಿಗೂ ಲಸಿಕೆ ಹಾಕಿಸಬೇಕೆಂದು ಕೇಂದ್ರ ಸರಕಾರವು ಹೆಚ್ಚಿನ ಲಸಿಕೆಯನ್ನು ಒದಗಿಸಿದಾಗ ಅಂಜಿಕೆಯು ಎಷ್ಟೋ ಇಳಿಯಿತು. ಆ ವರ್ಷ ಶಾಲೆಗಳು ನಿಂತು ನಡೆದುದಕ್ಕೆ ಆಜ್ಞೆಯಷ್ಟೇ ಈ ರಕ್ಷಣೆಯೂ ಕಾರಣವಾಯಿತು.

ಕಡೆಯದಾಗಿ ನಮ್ಮ ಮನೆಯ ಮಾತು. ಮಠಮಾನ್ಯಗಳೂ ಅನೇಕ ಶಾಲೆಗಳನ್ನು ನಡೆಯಿಸುತ್ತವೆ. ಅವುಗಳಲ್ಲಿ ಅನುದಾನವಿಲ್ಲದವೂ ಇವೆ. ಸರಕಾರದ ಕಡೆಗೆ ಬೆರಳು ತೋರಿಸುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳುವುದು ನ್ಯಾಯವು. ಆದುದರಿಂದ ಈ ಮಹೋತ್ಸವದ ಸಂದರ್ಭದಲ್ಲಿ ಸದ್ಭಕ್ತರ ಮುಂದೆ ಮೂರು ಅರಿಕೆಗಳನ್ನು ಇಡುತ್ತೇನೆ. ಒಂದು, ಮಠದ ಹೆಸರಿನಲ್ಲಿ ನಡೆಯುವ ಶಾಲೆಗಳಲ್ಲಿ ಕಟ್ಟಡಕ್ಕೆ ಕಲ್ಲು ಕೂಡಿಸುವುದಕ್ಕೆ ಮೊದಲು ಶಿಕ್ಷಕರ ಸಂಬಳವು ತಿಂಗಳಿಗೆ ಸರಿಯಾಗಿ ಮುಟ್ಟಲಿ. ಎರಡು, ಜಾತ್ರೆ ಉತ್ಸವಗಳಿಗೆ ಕೂಡುವ ಕಾಣಿಕೆಯ ಒಂದಂಶವನ್ನು ಆಪತ್ಕಾಲದ ನಿಧಿಯಾಗಿ ತೆಗೆದಿರಿಸಿ, ಶಾಲೆ ಮುಚ್ಚಿದ ಕಾಲದಲ್ಲಿ ಶಿಕ್ಷಕರ ಮತ್ತು ಅಡುಗೆಯ ತಾಯಂದಿರ ಮನೆಯ ಒಲೆ ಆರದಂತೆ ನೋಡಿಕೊಳ್ಳೋಣ. ಮೂರು, ಪ್ರತಿಯೊಂದು ಊರಿನ ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಭಕ್ತರು, ತಮ್ಮ ಶಾಲೆಯಲ್ಲಿ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಅತಿಥಿಗಳೆಷ್ಟು, ಅವರಿಗೆ ಬಾಕಿಯೆಷ್ಟು ಎಂಬುದನ್ನು ವರ್ಷಕ್ಕೊಮ್ಮೆ ಊರಿನ ಮುಂದೆ ಓದಿ ಹೇಳಲಿ. ಕಟ್ಟೆಯ ಮೇಲಿನ ಮಾತಿಗಿಂತ ಓದಿ ಹೇಳಿದ ಲೆಕ್ಕವು ಹೆಚ್ಚು ಸತ್ಯವನ್ನು ಹೇಳುವುದು.

ಅಷ್ಟಾವರಣಗಳಲ್ಲಿ ಗುರುವಿಗೆ ಮೊದಲ ಸ್ಥಾನವನ್ನು ಕೊಟ್ಟ ಧರ್ಮವು ನಮ್ಮದು. ಅದು ದೀಕ್ಷಾಗುರುವಿನ ಮಾತೆಂಬುದನ್ನು ಬಲ್ಲೆನು. ಆದರೆ ಲಿಂಗದ ಹೆಸರನ್ನು ಓದಲು ಕಲಿಸಿದ ಅಕ್ಷರಗುರುವೂ ಆ ಗೌರವದ ಒಂದು ಪಾಲಿಗೆ ಬಾಧ್ಯನೆಂದು ನನ್ನ ನಂಬಿಗೆ. ವಿಪತ್ಕಾಲದಲ್ಲಿ ಶಾಲೆಯ ಕದವನ್ನು ತೆರೆಯೆಂದು ಆತನಿಗೆ ಹೇಳುವ ಅಧಿಕಾರವು ನಮಗುಂಟು. ಆ ಮಾತನ್ನಾಡುವ ಮೊದಲು ಆತನ ಮನೆಯ ಕದವನ್ನೊಮ್ಮೆ ತಟ್ಟಿ, ಒಳಗೆ ಎಲ್ಲರೂ ಕ್ಷೇಮವೇ ಎಂದು ಕೇಳುವ ಬುದ್ಧಿಯನ್ನು ಪರಶಿವನು ನಮಗೆಲ್ಲ ಕರುಣಿಸಲೆಂದು ಬೇಡಿಕೊಳ್ಳುತ್ತೇನೆ.