ಗಡಿಯ ಮರ, ನೆರೆಯ ಮನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳ ಯಾವ ಗ್ರಾಮಕ್ಕೆ ಹೋದರೂ ಒಂದು ಮರದ ದೆಸೆಯಿಂದ ಮಾತು ಬಿಟ್ಟ ಎರಡು ಮನೆಗಳು ಕಾಣಸಿಕ್ಕಾವು. ಜಗಳದ ಮೂಲ ಹಂಚಿನ ಮಾಡಿನ ಮೇಲೆ ಬಾಗಿದ ಒಂದು ತೆಂಗಿರಬಹುದು, ಅಡಿಕೆ ತೋಟದ ಅಂಚಿನ ಸಾಗುವಾನಿ ಇರಬಹುದು, ಅಗಳಿನ ಆಚೆಗೆ ಹಣ್ಣು ಬೀಳಿಸುವ ಹಲಸಿರಬಹುದು. ಪೇಟೆಯವರಿಗೆ ಇದು ಕ್ಷುಲ್ಲಕವೆಂದು ತೋರೀತು. ಆದರೆ ಆಟಿ ತಿಂಗಳ ರಾತ್ರಿಯಲ್ಲಿ ಪಕ್ಕದ ಜಾಗದ ಮರ ಗಾಳಿಗೆ ಕಿರುಗುಟ್ಟುವುದನ್ನು ಕೇಳಿ, ಮಕ್ಕಳನ್ನು ಎಬ್ಬಿಸಿ ಆಚೆಯ ಕೋಣೆಯಲ್ಲಿ ಮಲಗಿಸಿದ ತಾಯಿಗೆ ಅದು ಕ್ಷುಲ್ಲಕವಲ್ಲ.

ಈ ತಕರಾರುಗಳ ಸ್ವರೂಪವನ್ನು ತಿಳಿಯುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಕಡೆ ಅನೇಕ ಗಡಿಗಳಿಗಿಂತ ಮರಗಳಿಗೇ ವಯಸ್ಸು ಹೆಚ್ಚು. ಅಳಿಯಸಂತಾನದ ಕುಟುಂಬಗಳಲ್ಲಿ 1949ರ ಮದರಾಸು ಅಳಿಯಸಂತಾನ ಕಾಯಿದೆಯ ಅನಂತರ ಪಾಲುಪಟ್ಟಿಗಳು ಹೆಚ್ಚಿದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಒಕ್ಕಲುಗಳು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಒಂದೇ ವರ್ಗಜಾಗವಾಗಿದ್ದುದು ಹಲವು ಹಿಡುವಳಿಗಳಾಯಿತು. ಹಿರಿಯರು ಯಾವ ಎಣಿಕೆಯೂ ಇಲ್ಲದೆ ತೋಟದ ನಡುವೆ ನೆಟ್ಟಿದ್ದ ಮಾವು, ಸರ್ವೆಯವರು ಸರಪಳಿ ಎಳೆದ ಮರುದಿನ ಗಡಿಯ ಮರವಾಯಿತು. ಆದುದರಿಂದ ಮರದ ಹೆಸರಿನಲ್ಲಿ ನಡೆಯುವ ಜಗಳದ ಒಳಗೆ ಎಷ್ಟೋ ಸಲ ಪಾಲಿನ ಹಳೆಯ ಕಹಿ ಅಡಗಿರುತ್ತದೆ. ಒಂದು ಬದಿಯಲ್ಲಿ ಅಕ್ಕನ ಮಕ್ಕಳು, ಇನ್ನೊಂದು ಬದಿಯಲ್ಲಿ ತಂಗಿಯ ಮಕ್ಕಳು. ಅಥವಾ ಹಿಂದಣ ಧಣಿಗಳ ಮನೆ ಮತ್ತು ಹಿಂದಣ ಒಕ್ಕಲಿನ ಮನೆ. ಗೆಲ್ಲು ಒಂದು ನೆಪ.

ಇನ್ನು ನಮ್ಮ ಪ್ರಕೃತಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ನಾಡು ಇದು. ಮುರಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಬೇರು ಆಳಕ್ಕೆ ಇಳಿಯದೆ ಅಡ್ಡಕ್ಕೆ ಹರಿಯುವುದುಂಟು. ದರೆಯ ಅಂಚಿನ ಮರದ ಬುಡವನ್ನು ನೀರು ಕೊರೆಯುತ್ತದೆ. ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ, ಪಶ್ಚಿಮದಿಂದ; ಪಡುವಣ ಗಡಿಯ ಮರ ಬಿದ್ದರೆ ಮೂಡಣ ಮನೆಯವನ ಮಾಡಿನ ಮೇಲೆಯೇ ಬೀಳುವ ಸಂಭವ ಹೆಚ್ಚು. ಬಿದಿರಿನ ಮೆಳೆಯಂತೂ ಬೇಲಿಗೆಂದು ನೆಟ್ಟದ್ದು ಕೆಲವೇ ವರ್ಷಗಳಲ್ಲಿ ಬೇಲಿಯನ್ನೇ ದಾಟಿ ನಡೆಯುತ್ತದೆ. ಬಿದಿರಿನಿಂದಲೇ ಹೆಸರು ಪಡೆದ ಮೂಡುಬಿದಿರೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನೆರಳಿನ ತಕರಾರು ಇದಕ್ಕಿಂತ ಸೂಕ್ಷ್ಮ. ನೆರೆಯ ಮರದ ನೆರಳಿನಿಂದ ಫಸಲು ಇಳಿಯಿತು, ತೋಟದ ತೇವ ಆರದೆ ಕೊಳೆರೋಗ ಹೆಚ್ಚಿತು ಎಂಬ ದೂರು ಎಲ್ಲೆಲ್ಲೂ ಕೇಳಿಬರುತ್ತದೆ. ಅದರಲ್ಲಿ ಸತ್ಯಾಂಶ ಉಂಟು. ಆದರೆ ಅಡಿಕೆ ಮರಕ್ಕೆ ಅಪರಾಹ್ನದ ನೈಋತ್ಯದ ಬಿಸಿಲು ವೈರಿ ಎಂಬುದೂ ಅಷ್ಟೇ ಸತ್ಯ. ಆ ಬಿಸಿಲು ನೇರವಾಗಿ ತಾಗಿದರೆ ಕಾಂಡ ಸುಟ್ಟು, ಸೀಳಿ, ಕೊನೆಗೆ ಗಾಳಿಗೆ ಮುರಿಯುತ್ತದೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನ ಕೇಂದ್ರವೊಂದು ಆರಂಭವಾಯಿತು. 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯೊಳಗೆ ಸೇರಿತು. ತೋಟದ ದಕ್ಷಿಣ ಮತ್ತು ಪಶ್ಚಿಮದ ಅಂಚುಗಳಲ್ಲಿ ಎತ್ತರದ ಮರಗಳ ಮರೆ ಇರಲಿ ಎಂಬುದು ಅಡಿಕೆ ತಜ್ಞರ ಸಲಹೆ. ಹೀಗಿರುವಾಗ ಪಡುವಣ ನೆರೆಯವನ ಮೇಲೆ ದಾವೆ ಹೂಡಿ ಮರ ಕಡಿಸಿದವನು, ತನ್ನದೇ ತೋಟದ ಕೊಡೆಯನ್ನು ತಾನೇ ಮುರಿದಂತಾಗಬಹುದು. ದೂರು ಕೊಡುವ ಮೊದಲು ದಿಕ್ಕು ನೋಡಬೇಕು.

ಕಾನೂನು ಏನು ಹೇಳುತ್ತದೆ? ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ 1882ರ ಈಸ್‌ಮೆಂಟ್ ಕಾಯಿದೆ ಮೊದಲಿನಿಂದಲೂ ಅನ್ವಯಿಸಿದೆ. ಕಟ್ಟಡದ ಕಿಟಕಿಗೆ 20 ವರ್ಷ ತಡೆಯಿಲ್ಲದೆ ಬಂದ ಬೆಳಕಿಗೆ ಅದು ಹಕ್ಕು ಕೊಡುತ್ತದೆ. ಆದರೆ ಬಯಲು ನೆಲಕ್ಕೆ ಬೀಳುವ ಬೆಳಕು ಗಾಳಿಗಳ ಮೇಲೆ ಎಷ್ಟು ಕಾಲ ಕಳೆದರೂ ಅಂಥ ಹಕ್ಕು ಹುಟ್ಟದು ಎಂದು ಅದರ 17ನೆಯ ಕಲಮು ಸ್ಪಷ್ಟಪಡಿಸಿದೆ. ಅಂದರೆ ತೋಟದ ಬಿಸಿಲನ್ನು ಬಹುಕಾಲದ ಅನುಭೋಗದ ಬಲದಿಂದ ಕೇಳಲು ಬಾರದು. ಚಾಚಿದ ಗೆಲ್ಲಿನ ಮಾತು ಬೇರೆ. 1895ರ ಕಾನೂನು ವರದಿಯಲ್ಲಿ ಪ್ರಕಟವಾದ, ಇಂಗ್ಲೆಂಡಿನ ಪ್ರಭುಸಭೆಯ ಲೆಮ್ಮನ್ ಮತ್ತು ವೆಬ್ ಮೊಕದ್ದಮೆಯ ತೀರ್ಪಿನಂತೆ, ತನ್ನ ನೆಲದ ಮೇಲೆ ಚಾಚಿದ ಗೆಲ್ಲನ್ನು ಗಡಿಯ ತನಕ ಕಡಿಯಬಹುದು. ಆದರೆ ನೆರೆಯವನ ಜಾಗಕ್ಕೆ ಕಾಲಿಡಬಾರದು. ಕಡಿದ ಗೆಲ್ಲೂ ಅದರ ಫಲವೂ ಮರದ ಒಡೆಯನಿಗೇ ಸೇರುತ್ತವೆ. ಕಾಂಡವೇ ಗಡಿಗೆರೆಯ ಮೇಲಿದ್ದರೆ ಒಬ್ಬನೇ ಕೊಡಲಿ ಎತ್ತದಿರುವುದು ಕ್ಷೇಮ.

ಮರ ಬಿದ್ದು ಜನರಿಗೆ ಅಪಾಯವಾಗುವಂತಿದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳಲ್ಲಿ ಅರ್ಜಿ ಕೊಡಬಹುದು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ಮರಕ್ಕೆ ಊರೆ ಕೊಡುವಂತೆಯೋ, ಅದನ್ನು ತೆಗೆಯುವಂತೆಯೋ ಅವರು ಆಜ್ಞಾಪಿಸಬಲ್ಲರು. ಇದಲ್ಲದೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯುಂಟು. ತೆಂಗು, ರಬ್ಬರು, ಗಾಳಿ ಮೊದಲಾದ ಕೆಲವನ್ನು ಬಿಟ್ಟರೆ ಸ್ವಂತ ಜಾಗದ ಮರವನ್ನು ಉರುಳಿಸುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಜೀವಕ್ಕೋ ಸೊತ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ. ಆದುದರಿಂದ 'ಕಡಿ' ಎಂದು ನೆರೆಯವನನ್ನು ಒತ್ತಾಯಿಸುವವರು, ಅವನೊಂದಿಗೆ ಅರ್ಜಿ ಹಿಡಿದು ಅರಣ್ಯ ಇಲಾಖೆಯ ಕಚೇರಿಗೆ ಹೋಗಲು ಸಿದ್ಧರಿರಬೇಕು.

ಇಷ್ಟೆಲ್ಲ ಇದ್ದರೂ ನ್ಯಾಯಾಲಯ ನಿರ್ಣಯಿಸುವುದು ಹಕ್ಕನ್ನು ಮಾತ್ರ. ತಡೆಯಾಜ್ಞೆ, ಕಮಿಷನರರ ಭೇಟಿ, ಮರುಸರ್ವೆ, ಅಪೀಲು ಎಂದು ವರ್ಷಗಳು ಉರುಳುವಾಗ ಮರ ಬೆಳೆಯುತ್ತಲೇ ಇರುತ್ತದೆ. ಗೆದ್ದವನಿಗೂ ನೆರೆ ಬದಲಾಗುವುದಿಲ್ಲ. ನಮ್ಮ ಹಿರಿಯರು ಇದನ್ನು ಅರಿತಿದ್ದರು. ಗುತ್ತಿನ ಚಾವಡಿಯಲ್ಲಿ ನಾಲ್ಕು ಜನ ಕುಳಿತು ಮಾತು ಮುಗಿಸುವ ಪದ್ಧತಿಯಿತ್ತು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ವ್ಯಾಜ್ಯಗಳನ್ನು ಇಟ್ಟು, ಅವರ ಮಾತಿಗೆ ಎರಡು ಪಕ್ಷದವರೂ ತಲೆಬಾಗುವ ಸಂಪ್ರದಾಯ ಹೆಸರಾದುದು. 'ಮಾತು ಬಿಡ ಮಂಜುನಾಥ' ಎಂಬ ನುಡಿಯ ಹಿಂದೆ ಆಡಿದ ಮಾತಿಗೆ ನಿಲ್ಲಬೇಕೆಂಬ ಭಯಭಕ್ತಿಯಿದೆ. ಆದರೆ ಹಳೆಯ ಪಂಚಾತಿಕೆಯನ್ನು ಬರಿಯ ಹೊಗಳಿಕೆಯಿಂದ ನೋಡುವುದೂ ಸರಿಯಲ್ಲ. ಚಾವಡಿಯ ಕೆಳಗೆ ಅಂಗಳದಲ್ಲಿ ನಿಂತು ತೀರ್ಮಾನ ಕೇಳಬೇಕಾಗಿದ್ದ ಒಕ್ಕಲಿನ ದೂರಿಗೆ ಅಲ್ಲಿ ಎಷ್ಟು ತೂಕವಿತ್ತು? ಇಂದು ಅವನ ಮೊಮ್ಮಗ ನ್ಯಾಯಾಲಯದ ಮೆಟ್ಟಿಲು ಹತ್ತುವುದರಲ್ಲಿ ಒಂದು ಘನತೆಯೂ ಇದೆ. ನಮಗೆ ಬೇಕಾದುದು ಇಬ್ಬರೂ ಸಮಾನವಾಗಿ ಒಂದೇ ಚಾಪೆಯಲ್ಲಿ ಕುಳಿತು ಆಡುವ ಮಾತು.

ಆ ಮಾತಿಗೆ ಒಂದು ಕಾಲವೂ ಉಂಟು. ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ಕೋಲ, ನೇಮ, ಆಟಗಳು ಮುಗಿದು ಊರು ಮಳೆಗಾಲಕ್ಕೆ ಅಣಿಯಾಗುತ್ತದೆ. ಅದಕ್ಕೆ ಮುಂಚೆ ಒಂದು ಬೆಳಗ್ಗೆ ನೆರೆಕರೆಯ ಇಬ್ಬರು ಯಜಮಾನರು ಗಡಿಯುದ್ದಕ್ಕೂ ಜತೆಯಾಗಿ ನಡೆದು ನೋಡಲಿ. ಯಾವ ಗೆಲ್ಲು ಇಳಿಸಬೇಕು, ಯಾವ ತೆಂಗಿಗೆ ಹಗ್ಗ ಬಿಗಿಯಬೇಕು, ಕೂಲಿ ಯಾರದು, ಸೌದೆ ಯಾರಿಗೆ ಎಂಬುದನ್ನು ಅಲ್ಲಿಯೇ ನಿಶ್ಚಯಿಸಿ ಒಂದು ಕಾಗದದಲ್ಲಿ ಬರೆದಿಡಲಿ. ಕಡಿಯಲೇಬೇಕಾದ ಮರಕ್ಕೆ ಬದಲಾಗಿ ಗಡಿಯಿಂದ ಸಾಕಷ್ಟು ಒಳಗೆ ಒಂದು ಗಿಡ ನೆಡಲಿ. ಮಳೆಗಾಲದ ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಹೊಳೆ ತುಂಬಿ ದಾರಿ ಕಡಿದರೆ, ಮೊದಲು ಕೂಗಿ ಕರೆಯುವುದು ಬೇಲಿಯಾಚೆಯ ಮನೆಯವರನ್ನೇ. ಆ ಕೂಗಿಗೆ ಓಗೊಡುವವರು ಅಲ್ಲಿರಬೇಕು.